ಅವರವ್ವ ಏನಂದ್ಲು?

31 ಡಿಸೆಂಬರ್ 2024, ಮಂಗಳವಾರ
ಕಲಬುರಗಿ, ರಾತ್ರಿ

ನಿನ್ನೆ ಕಾಕಿ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಇವತ್ತು ಆಫೀಸಿನಲ್ಲಿ ಏನು ಮಾಡಿದೆನೋ ನೆನಪಿಲ್ಲ.

ನಿನ್ನೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ರಜೆ ಹಾಕಿ ಎಲ್ಲರ ಜೊತೆ ಹೊಲಕ್ಕೆ ಹೋಗಿದ್ದೆ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರ ಪೂಜೆ ಆಯ್ತು. ಕಾಕಾ ಜೋಳದ ಹೊಲದ ಸುತ್ತ ಚರಗ ಚೆಲ್ಲಿ ಬಂದ. ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಉಂಡ ಮೇಲೆ ಒಬ್ಬೊಬ್ಬರೇ ನೆರಳು ಹುಡುಕಿ ಮಲಗಿದರು. ಅವ್ವನೂ ಮಲಗಿದಳು. ನಾನು ಫೋನ್‌ನಲ್ಲಿ ಆ ಕಾದಂಬರಿ ತೆಗೆದೆ.

ಅದೇ, ನನ್ನವಳು ಬೀದರ್‌ನಿಂದ ಕಳಿಸಿದ್ದು. ಅಮೆರಿಕದ ಒಂದು ಸಣ್ಣ ಊರು, ಕ್ರಿಸ್‌ಮಸ್ ರಜೆ, ಹಿಮ. ದೊಡ್ಡ ನಗರದಲ್ಲಿ ಕೆಲಸ ಮಾಡುವ ಹುಡುಗಿ ಅಪ್ಪನ ಬೇಕರಿ ಮಾರಲು ಊರಿಗೆ ಬರುತ್ತಾಳೆ. ಬೇಕರಿ ನೋಡಿಕೊಳ್ಳುತ್ತಿರುವವಳು ಶಾಲೆಯಲ್ಲಿ ಅವಳ ಜೊತೆಗೇ ಓದಿದವಳು. ಮುಂದೇನು ಅಂತ ಎರಡನೇ ಪುಟಕ್ಕೇ ಗೊತ್ತಾಗುತ್ತೆ. ಗೊತ್ತಾಗಲಿ ಅಂತಲೇ ಬರೆದಿರುತ್ತಾರೆ. ಇಂಥ ಪುಸ್ತಕದಲ್ಲಿ ಕೊನೆಗೆ ಇಬ್ಬರೂ ಜೊತೆಗಿರಬೇಕು, ಸುಖವಾಗಿರಬೇಕು, ಅದು ಕಡ್ಡಾಯ. ನಮ್ಮಂಥವರ ಕಥೆ ಅಂದರೆ ಯಾರೋ ಒಬ್ಬಳು ಸಾಯೋದು, ಇಲ್ಲಾ ಊರು ಬಿಡೋದು, ಇಲ್ಲಾ ಯಾರನ್ನೋ ಕಟ್ಟಿಕೊಂಡು ಅಳೋದು. ಇಷ್ಟನ್ನೇ ಓದಿ ಬೆಳೆದವಳು ನಾನು. ಇಲ್ಲಿ ಯಾರೂ ಸಾಯಲ್ಲ ಅಂತ ಮೊದಲೇ ಗೊತ್ತಿದ್ದರೆ ಎದೆ ಎಷ್ಟು ಹಗುರ ಆಗುತ್ತೆ, ಅಲ್ವಾ? ಆದರೂ ಭಯಕ್ಕೆ ಕೊನೆಯ ಅಧ್ಯಾಯ ಮೊದಲೇ ಓದಿಬಿಟ್ಟಿದ್ದೇನೆ.

"ಒಬ್ಬಾಕೇ ನಗ್ಲಕತ್ತಿ, ಏನದು?" ಕಾಕಿ ಹಸಿ ಕಡಲೆ ಗಿಡ ಕಿತ್ತುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಕಥಿ, ಕಾಕಿ."

"ನನಗೂ ಹೇಳು."

ಒಬ್ಬಳನ್ನು ಹುಡುಗ ಮಾಡಿ ಹೇಳೋಣ ಅಂದುಕೊಂಡೆ. ಎಷ್ಟು ವರ್ಷದ ರೂಢಿ ಅದು. ‘ಅವಳು’ ಅನ್ನಬೇಕಾದ ಕಡೆಯೆಲ್ಲ ‘ಅವರು’ ಅಂದು ದಾಟಿಸುತ್ತಾ ಬಂದಿದ್ದೇನೆ. ನಿನ್ನೆ ಯಾಕೋ ಆಗಲಿಲ್ಲ. ಇಬ್ಬರೂ ಹುಡುಗಿಯರು ಅಂತಲೇ ಹೇಳಿದೆ. ಕಾಕಿ ಕಡಲೆ ಸುಲಿಯುತ್ತಲೇ ಕೇಳಿದಳು. ಹಿಮ ಎಷ್ಟು ಬೀಳ್ತದ ಅಂದಳು. ಬೇಕರಿ ಮೇಲೆ ಸಾಲ ಎಷ್ಟದ ಅಂದಳು. ಊರವರೆಲ್ಲ ಸೇರಿ ಇಬ್ಬರನ್ನೂ ಒಂದು ಮಾಡಲು ನೋಡ್ತಾರೆ ಅಂದಾಗ ಅವಳ ಕೈ ನಿಂತಿತು.

"ಅವರವ್ವ ಏನಂದ್ಲು?"

"ಏನೂ ಅನ್ನಲ್ಲ ಕಾಕಿ. ಆಕಿಗೂ ಖುಷಿನೇ."

"ಒಂದು ಮಾತೂ ಅನ್ನಲಿಲ್ಲಾ?"

"ಇಲ್ಲ."

"ಹಂಗಿದ್ರ ಅದು ಸುಳ್ಳು ಕಥಿ ನೋಡವ್ವ."

ಸಿಟ್ಟಿನಿಂದ ಹೇಳಲಿಲ್ಲ. ಪಲ್ಯಕ್ಕೆ ಉಪ್ಪು ಕಮ್ಮಿ ಆಗ್ಯಾದ ಅನ್ನುವ ಹಾಗೆ ಹೇಳಿದಳು. ಅದೇ ಜಾಸ್ತಿ ಚುಚ್ಚಿತು. ಹತ್ತು ಹೆಜ್ಜೆ ಆಚೆ ಅವ್ವ ಮುಖದ ಮೇಲೆ ಸೆರಗು ಹಾಕಿಕೊಂಡು ಮಲಗಿದ್ದಳು.

ಪುಸ್ತಕದ ಕೊನೆಯಲ್ಲಿ, ಮುಂದಿನ ಕ್ರಿಸ್‌ಮಸ್‌ಗೆ ಅವರ ಮದುವೆ. ಅವರ ದೇಶದ ಸುಪ್ರೀಂ ಕೋರ್ಟ್ 2015ರ ಜೂನ್‌ನಲ್ಲೇ ದಾರಿ ಮಾಡಿಕೊಟ್ಟಿದೆ. ಬೇಕರಿಯವಳಿಗೆ ಕೇಕಿನದ್ದಷ್ಟೇ ಚಿಂತೆ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ಕ್ಕೆ, ನಾವು ಹೀಗಿರೋದು ಅಪರಾಧ ಅಲ್ಲ ಅಂತಾಯ್ತು. ಅವತ್ತು ಸಂಜೆ ನಾವಿಬ್ಬರೂ ಇಲ್ಲಿನ ಅಪ್ಪನ ಕೆರೆ ಹತ್ತಿರ ಕೂತು ಮಿರ್ಚಿ ತಿಂದೆವು. ಅದೇ ನಮ್ಮ ಹಬ್ಬ. 2023ರ ಅಕ್ಟೋಬರ್ 17ಕ್ಕೆ, ಮದುವೆಯ ಹಕ್ಕು ಕೊಡೋದು ನಮ್ಮ ಕೈಲಿಲ್ಲ, ಪಾರ್ಲಿಮೆಂಟ್ ನೋಡಲಿ ಅಂತ ಕೋರ್ಟ್ ಅಂದಾಗ ಅವಳು ಬೀದರ್‌ನಲ್ಲಿ, ನಾನು ಇಲ್ಲಿ. ಫೋನ್ ಹಚ್ಚಿ ಇಬ್ಬರೂ ಸುಮ್ನೆ ಕೂತಿದ್ದೆವು.

ಆದರೂ ಕಾಕಿ, ಅದು ಸುಳ್ಳಲ್ಲ. ನಿನ್ನೆ ಹೇಳಲು ಬಾಯಿ ಬರಲಿಲ್ಲ. ಮಗಳನ್ನು ಹಾಗೇ ಒಪ್ಪುವ ಅವ್ವ ಹೇಗೆ ಮಾತಾಡ್ತಾಳೆ ಅಂತ ನಾನು ಯಾವತ್ತೂ ಕೇಳಿಲ್ಲ. ಯಾರೋ ಬರೆದಿಟ್ಟಿದ್ದಕ್ಕೆ ಈಗ ಗೊತ್ತಾಯ್ತು. ರಾತ್ರಿ ನಿದ್ದೆ ಬರದೆ ಆ ಮಾತನ್ನು ನಮ್ಮವ್ವನ ಬಾಯಲ್ಲಿ ಇಟ್ಟು ನೋಡಿದೆ, ನಮ್ಮ ಕಡೆ ಮಾತಿನಲ್ಲೇ. "ಬರೋ ಎಳ್ಳಮಾಸಿಗಿ ಆಕಿನ್ನೂ ಹೊಲಕ್ಕ ಕರ್ಕೊಂಡು ಬಾ." ಅಷ್ಟೇ. ಅಷ್ಟಕ್ಕೇ ದಿಂಬು ಒದ್ದೆಯಾಯ್ತು.

ಹಿಮ ಬೇಡ ನಮಗೆ. ಬೆಳಿಗ್ಗೆ ತೊಗರಿ ಹೊಲದ ಮೇಲೆ ಮಂಜು ಇಳಿದಿರುತ್ತಲ್ಲ, ಅದು ಸಾಕು. ಬೇಕರಿ ಬದಲು ಗಂಜ್ ಮಾರ್ಕೆಟ್ಟಿನಲ್ಲೊಂದು ದಾಲ್ ಮಿಲ್ ಇರಲಿ. ಹುಮನಾಬಾದ್ ದಾಟಿ ಬರುವ ಬೀದರ್ ರೈಲಿನಿಂದ ಒಬ್ಬಳು ಇಳಿಯಲಿ. 25ಕ್ಕೆ ಅವಳು ಬೀದರ್‌ನ ಮಂಗಲಪೇಟೆಯ ಮನೆಗಳ ಮುಂದೆ ತೂಗುವ ಕ್ರಿಸ್‌ಮಸ್ ನಕ್ಷತ್ರಗಳ ಫೋಟೋ ಕಳಿಸಿದ್ದಳು. ಅದನ್ನೂ ಸೇರಿಸಬಹುದು. ಇಂಥದ್ದನ್ನು ಕನ್ನಡದಲ್ಲಿ ಓದಬೇಕು ನಾನು.

ಸಂಜೆ ಕಾಕಿ ಫೋನ್ ಮಾಡಿದ್ದಳು. ಡಬ್ಬಿ ಅಲ್ಲೇ ಬಿಟ್ಟು ಬಂದಿದ್ದೇನಂತೆ. ಆಮೇಲೆ, "ಮತ್ತ, ಆ ಬೇಕರಿ ಮಾರಿದ್ರೇನು?"

"ಮಾರಲಿಲ್ಲ."

"ಊರಾಗೇ ಉಳಿದ್ರು?"

"ಉಳಿದ್ರು."

"ಇಬ್ರೂ?"

"ಇಬ್ರೂ, ಕಾಕಿ."

ತೊಗರಿ ರಾಶಿಯ ಮಾತಿಗೆ ಹೊರಳಿದಳು. ಫೋನ್ ಇಡುವಾಗ, "ನಿಮ್ಮವ್ವಗ ಈ ಕಥಿ ಹೇಳಿಯೇನು?" ಅಂದಳು. ಇಲ್ಲ ಅಂದೆ. "ಹೂಂ" ಅಂದಳು.

ಆ ಹೂಂ ಅಂದರೆ ಹೇಳು ಅಂತಲೋ, ಹೇಳಬೇಡ ಅಂತಲೋ. ಬೀದರ್‌ನವಳನ್ನು ಕೇಳೋಣ ಅಂದರೆ ಅರ್ಧ ಗಂಟೆಯಿಂದ ಫೋನ್ ಬ್ಯುಸಿ ಬರ್ತಿದೆ. ಹೊರಗೆ ಆಗಲೇ ಪಟಾಕಿ. ಅವ್ವ ಇನ್ನೂ ಮಲಗಿಲ್ಲ, ಅಡುಗೆಮನೆಯಲ್ಲಿ ದೀಪ ಉರೀತಿದೆ, ಈಗ ಎದ್ದು ಹೋದರೆ