ಡ್ರ್ಯಾಗನ್ ಬಿಡಿ, ತೋಳು ನೋಡಿ

ಚೀನಾದ ಹಳೇ ರೇಷ್ಮೆ ನಿಲುವಂಗಿಯ ಫೋಟೋ ಸಿಕ್ಕರೆ ಸಾಕು, ಎಲ್ಲರೂ ಡ್ರ್ಯಾಗನ್ ಉಗುರು ಎಣಿಸೋಕೆ ಕೂರುತ್ತಾರೆ. ಐದಾ, ನಾಲ್ಕಾ? ಎಣಿಸಲಿ, ಅದರಲ್ಲೂ ಅಂತಸ್ತಿನ ಲೆಕ್ಕ ಇತ್ತು. ನನ್ನ ಕೇಳಿದರೆ ಮೊದಲು ನೋಡಬೇಕಾದದ್ದು ತೋಳಿನ ತುದಿ.

ಚೀನಾದ ಕೊನೆಯ ರಾಜವಂಶವಾದ ಚಿಂಗ್ ಕಾಲದ ಗಂಡಸರ ನಿಲುವಂಗಿಯ ತೋಳು ಮಣಿಕಟ್ಟಿನ ಹತ್ತಿರ ಬಿಗಿ. ಅಲ್ಲಿಂದ ಮುಂದಕ್ಕೆ ಕುದುರೆ ಗೊರಸಿನ ಹಾಗೆ ಅಗಲವಾಗುತ್ತದೆ. ಈ ವಂಶ ಕಟ್ಟಿದ ಈಶಾನ್ಯದ ಮಂಚೂಗಳು ಕುದುರೆ ಸವಾರರು, ಬೇಟೆಗಾರರು. ಚಳಿಯಲ್ಲಿ ಲಗಾಮು ಹಿಡಿದಾಗ ಕೈಯ ಹಿಂಬದಿ ಮುಚ್ಚಿರಲಿ ಅಂತ ಈ ಏರ್ಪಾಡು. 1644ರಲ್ಲಿ ಬೀಜಿಂಗ್ ಅವರ ಕೈಗೆ ಬಂದ ಮೇಲೂ ಇದನ್ನು ಬಿಡಲಿಲ್ಲ, ದಿನವಿಡೀ ಕೂತು ಕುಂಚದಲ್ಲಿ ಕಡತ ಬರೆಯುವ ಅಧಿಕಾರಿಯ ರೇಷ್ಮೆ ತೋಳಿಗೂ ಅದೇ ಗೊರಸು! ಸುಮ್ನೆ ಇದ್ದಾಗ ಮೇಲಕ್ಕೆ ಮಡಚಿರುತ್ತಿದ್ದರು, ಮೇಲಿನವರು ಎದುರಾದರೆ ಕೆಳಗೆ ಬಿಟ್ಟು ವಂದಿಸಬೇಕು. ಅಂಗಿಯ ಕೆಳಭಾಗದಲ್ಲಿ ಹಿಂದೆ ಮುಂದೆ ಸೀಳು ಬೇರೆ. ಅದೂ ಜೀನಿನ ಮೇಲೆ ಕೂರೋದಕ್ಕೆ.

ನಾನ್‌ಜಿಂಗ್, ಸುಝೌ, ಹಾಂಗ್‌ಝೌಗಳಲ್ಲಿ ಅರಮನೆಗೆಂದೇ ರೇಷ್ಮೆ ಕಾರ್ಖಾನೆಗಳಿದ್ದವು. ನಾನ್‌ಜಿಂಗ್‌ನ ಜರಿ ಮಗ್ಗಕ್ಕೆ ಇಬ್ಬರು ಬೇಕು, ಒಬ್ಬ ಮೇಲೆ ಕೂತು ದಾರ ಎಳೆಯುತ್ತಾನೆ, ಇನ್ನೊಬ್ಬ ಕೆಳಗೆ ನೇಯುತ್ತಾನೆ. ಇಡೀ ದಿನ ದುಡಿದರೆ ಆಗೋದು 5-6 ಸೆಂಟಿಮೀಟರ್.

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ತೋರಿಸಿಕೊಳ್ಳಬೇಕು ಅಲ್ವಾ? ಇಲ್ಲ. ಒಂಬತ್ತು ಡ್ರ್ಯಾಗನ್ ಇರುವ ಅಂಗಿಯಲ್ಲಿ ಒಂಬತ್ತನೆಯದು ಒಳಮಡಿಕೆಯಲ್ಲಿ, ಗುಂಡಿ ಹಾಕಿದರೆ ಯಾರಿಗೂ ಕಾಣದು. ಅದರ ಮೇಲೆ ಅಧಿಕಾರಿಗಳು ಕಡುಬಣ್ಣದ ಸಾದಾ ಮೇಲಂಗಿ ತೊಡುತ್ತಿದ್ದರು. ಹೊರಗೆ ಇಣುಕುತ್ತಿದ್ದದ್ದು ಅಂಚಿನ ಅಲೆಗಳ ಚಿತ್ತಾರ ಮತ್ತು ಆ ಗೊರಸು, ಅಷ್ಟೇ.

ಆ ಮೇಲಂಗಿಯ ಎದೆಗೂ ಬೆನ್ನಿಗೂ ದರ್ಜೆ ಹೇಳುವ ಚೌಕ. ಈ ಪದ್ಧತಿ ಚಿಂಗ್‌ಗಿಂತ ಹಿಂದಿನ ಮಿಂಗ್ ರಾಜವಂಶದ ಕಾಲದ್ದು, 1391ರಿಂದ ಇದೆ. ಆಡಳಿತದವರಿಗೆ ಹಕ್ಕಿ, ಸೇನೆಯವರಿಗೆ ಪ್ರಾಣಿ. ಚಿಂಗ್ ಆಡಳಿತದಲ್ಲಿ ಒಂದನೇ ದರ್ಜೆಗೆ ಕ್ರೌಂಚ, ಮೂರನೆಯದಕ್ಕೆ ನವಿಲು, ಎಂಟನೆಯದಕ್ಕೆ ಲಾವಕ್ಕಿ. ಮೇಲಂಗಿ ಮುಂದೆ ತೆರೆಯುವುದರಿಂದ ಎದೆಯ ಚೌಕ ನಡುವೆ ಎರಡು ಹೋಳು, ಪಾಪ, ಹಕ್ಕಿ ಅರ್ಧ ಆಚೆ, ಅರ್ಧ ಈಚೆ. 19ನೇ ಶತಮಾನದ ಕೊನೆಗೆ ಹಿನ್ನೆಲೆಯನ್ನಷ್ಟೇ ಕಸೂತಿ ಮಾಡಿ ಹಕ್ಕಿಯನ್ನು ಬೇರೆಯಾಗಿ ಹೊಲಿಯುವುದೂ ಶುರುವಾಯಿತು, ಬಡ್ತಿ ಬಂದರೆ ಹಕ್ಕಿ ಮಾತ್ರ ಬದಲಾಯಿಸಿದರೆ ಆಯಿತು. ಆಗ ಹುದ್ದೆಗಳೂ ದುಡ್ಡಿಗೆ ಸಿಗುತ್ತಿದ್ದವು, ಹಾಗಾಗಿ ದರ್ಜಿಗಳ ಲೆಕ್ಕಾಚಾರ ಸರಿಯಾಗೇ ಇತ್ತು.