ಸ್ಯಾನ್ ಸ್ಟಾರ್ಮ್ ಪ್ರಾಜೆಕ್ಟ್: ಡ್ರೈವರ್ ಸೀಟು ಅಂತೂ ಕುಂತು

ಬ್ರೇಕ್ ಕೆಲ್ಸ ಮುಗೀತು, ಈಗ ಸೀಟಿನ ಪಾಳಿ. ಹೊಸದಾಗಿ ಓದೋರಿಗೆ ಹೇಳಿಬಿಡ್ತೀನಿ, ಗಾಡಿ ಸ್ಯಾನ್ ಸ್ಟಾರ್ಮ್, ಇಲ್ಲೇ ನಮ್ಮ ಬಾಜೂ ಗೋವಾದಾಗ ಕಟ್ಟಿದ್ದು, ಎರಡ ಸೀಟು, ಫೈಬರ್ ಬಾಡಿ, ಮ್ಯಾಲ ಮಡಚೋ ಬಟ್ಟಿ ಹುಡ್, ರೆನೋದ 1149 ಸಿಸಿ ಇಂಜಿನ್. ಹುಬ್ಬಳ್ಳಿ ಕೊಪ್ಪಿಕರ್ ರೋಡಿನ್ಯಾಗ ನಿಲ್ಸಿದ್ರ ಮಂದಿ ಇದ್ಯಾವ ಫಾರಿನ್ ಗಾಡಿರೀ ಅಂತ ಕೇಳ್ತಾರ, ಗೋವಾದ್ದು ಅಂದ್ರ ಒಬ್ರೂ ನಂಬಂಗಿಲ್ಲ.

ನನ್ನ ಗಾಡಿಯೊಳಗ ಇದ್ದ ಸೀಟು ಎರಡೂ ಹೋಗಿದ್ವು. ಫೋಮ್ ಮ್ಯಾಲ ಕೈ ಬಡದ್ರ ಹಳದಿ ಪುಡಿ ಉದರ್ತಿತ್ತು, ಸೀಟು ಹಿಂದ ಮುಂದ ಸರಿಯೋ ರೈಲು ಜಂಗು ಹಿಡದು ಒಂದು ಬಾಜೂ ಲಾಕ್ ಆದ್ರ ಇನ್ನೊಂದು ಬಾಜೂ ಆಗ್ತಿರ್ಲಿಲ್ಲ, ಹಂಗಾಗಿ ಬ್ರೇಕ್ ಹೊಡದ್ರ ಸೀಟು ಸೊಟ್ಟ ತಿರಗ್ತಿತ್ತು. ಇದು ಬರೇ ಕಿರಿಕಿರಿ ಅಲ್ಲ, ಡೇಂಜರ್.

ಗೆಳ್ಯಾರದೆಲ್ಲ ಒಂದ ರಾಗ, ಸ್ಪೋರ್ಟ್ಸ್ ಕಾರು ಅಂದಮ್ಯಾಲ ಬಕೆಟ್ ಸೀಟ್ ಹಾಕಪಾ, ಅಂದ್ರ ರೇಸ್ ಗಾಡಿಯೊಳಗಿನಂಗ ಎರಡೂ ಬಾಜೂ ಎತ್ತರ ಇದ್ದು ಮೈ ಹಿಡಕೊಳ್ಳೋ ಸೀಟು. ಆನ್‌ಲೈನ್ ನೋಡಿದ್ರ ರಗಡ ಅದಾವ, ಕೆಂಪ ಹೊಲಿಗಿ, ಬೆನ್ನಿಗೆ ದೊಡ್ಡ ದೊಡ್ಡ ಹೆಸ್ರು. ಭಾಳಷ್ಟು ಬರೇ ಸ್ಟಿಕ್ಕರ್ ರೀ. ಒರಿಜಿನಲ್ ರಿಕಾರೊ ಕಂಪನಿ ಸೀಟು ಅಂದ್ರ ಮಾತ ಬ್ಯಾರೆ, ಅವ್ರು ಮೊದ್ಲು ಜರ್ಮನಿಯ ಸ್ಟುಟ್‌ಗಾರ್ಟ್‌ನಾಗ ರಾಯ್ಟರ್ ಅಂತ ಬಾಡಿ ಕಟ್ಟೋರು, ಪೋರ್ಷೆ 356ಕ್ಕ ಬಾಡಿ ಮಾಡಿಕೊಡ್ತಿದ್ರು, 1963ರ ಸುಮಾರಿಗೆ ಆ ಬಾಡಿ ಕಾರ್ಖಾನೆ ಪೋರ್ಷೆಗೆ ಹೋತು, ಇವ್ರು ಸೀಟಿನ ಧಂದೆಕ್ಕ ನಿಂತ್ರು. ಖರೆ ರೇಸ್ ಸೀಟಿಗೆ ಎಫ್‌ಐಎ (ಮೋಟರ್ ರೇಸಿನ ಜಾಗತಿಕ ಸಂಸ್ಥೆ) ಲೇಬಲ್ ಇರ್ತೈತಿ, ಭಾಳಷ್ಟಕ್ಕ 8855-1999 ಅಂತ, ತಯಾರಾದ ತಾರೀಖೂ ಅದರಾಗ ಇರ್ತೈತಿ, ಅಲ್ಲಿಂದ 5 ವರ್ಷ ಅಷ್ಟ ಅದಕ್ಕ ಮಾನ್ಯತೆ. ಹಂಗಾಗಿ ಅವಧಿ ಮುಗದವು ಸೆಕೆಂಡ್ ಹ್ಯಾಂಡ್ ಬರ್ತಾವ, ರೋಡಿಗೆ ಸಾಕಲ್ಲ ಅಂತ ನಂಗೂ ಒಳಗ ಆಸೆ ಇತ್ತು, ಸುಳ್ಳ್ಯಾಕ ಹೇಳ್ಲಿ.

ಧಾರವಾಡದಾಗ ವಿದ್ಯಾಗಿರಿ ಕಡೆ ಗೆಳ್ಯಾನ ಹತ್ರ ಅಂಥಾ ಒಂದು ಸೀಟಿತ್ತು, ತಂದು ನನ್ನ ಗಾಡಿಯೊಳಗ ಬರೇ ಇಟ್ಟು ನೋಡಿದ್ವಿ, ಬೋಲ್ಟ್ ಇಲ್ಲ ಏನಿಲ್ಲ. ಕುಂತ್ನಿ. ನನ್ನ ಕಣ್ಣು ಸೀದಾ ವಿಂಡ್‌ಸ್ಕ್ರೀನ್ ಮ್ಯಾಲಿನ ಪಟ್ಟಿಗೆ ಬಂತು. ರೈಲು ಬ್ರಾಕೆಟ್ ಹಾಕಿದ್ರ ಇನ್ನೂ ಎರಡ ಇಂಚು ಮ್ಯಾಲ. ಅಂದ್ರ ಗಾಜಿನ್ಯಾಗಿಂದ ನೋಡೋದಲ್ಲ, ಗಾಜಿನ ಮ್ಯಾಲಿಂದ ನೋಡೋದು, ಕಟ್ಟಿ ಮ್ಯಾಲ ಕುಂತು ಊರು ನೋಡಿದಂಗ. ಇಂಥಾ ತಗ್ಗ ಗಾಡಿಗೆ ಸೀಟು ಆರಿಸೋದು ಅಂದ್ರ ಮೊದ್ಲು ಎತ್ತರದ ಲೆಕ್ಕ, ಆಮ್ಯಾಲ ಅಗಲದ್ದು, ಚಂದ ಅನ್ನೋದು ಕಡೀಗೆ. ಅಗಲಾನೂ ಕುಶನ್ ಅಳದ್ರ ಉಪಯೋಗಿಲ್ಲ, ಬೆನ್ನು ಬಗ್ಗಸೋ ಗುಂಡಿ ಎಲ್ಲಿ ಹೊರಗ ಚಾಚೈತೋ ಅಲ್ಲಿ ಅಳೀಬೇಕು, ಬಾಗ್ಲಕ್ಕ ಬಡಿಯೋದು ಅದ.

ಇನ್ನ ಬೆಲ್ಟು. ಬಕೆಟ್ ಹಾಕಿದವ್ರು ಎರಡೂ ಹೆಗಲ ಮ್ಯಾಲ ಪಟ್ಟಿ ಬರೋ ನಾಕ ಪಾಯಿಂಟಿನ ಹಾರ್ನೆಸ್ಸೂ ಹಾಕ್ತಾರ, ಫೋಟೋದಾಗ ಭಾರಿ ಕಾಣ್ತೈತಿ. ಆದ್ರ ಹೆಗಲಿನ ಪಟ್ಟಿ ಹಿಂದಕ್ಕ ಹೆಚ್ಚು ಕಡಿಮಿ ಸಮ ಹೋಗ್ಬೇಕು, 45 ಡಿಗ್ರಿಕಿಂತ ಕೆಳಗ ಇಳದ್ರ ಡಿಕ್ಕಿ ಆದಾಗ ಬೆನ್ನೆಲಬಿಗೆ ಕೂತು ಒತ್ತತೈತಿ. ನನ್ನ ಗಾಡಿಯೊಳಗ ಹಿಂದ ಕಟ್ಟಾಕ ಗಟ್ಟಿ ಜಾಗಿಲ್ಲ, ಪಲ್ಟಿ ಆದ್ರ ತಲಿ ಕಾಯೋ ಕಬ್ಬಿಣದ ರೋಲ್ ಬಾರಿಲ್ಲ, ಮ್ಯಾಲಿರೋದು ಬಟ್ಟಿ. ಗಾಡಿ ಪಲ್ಟಿ ಆದ್ರ ಹಾರ್ನೆಸ್ ನಮ್ಮನ್ನ ನೆಟ್ಟಗ ಕಟ್ಟಿ ಹಾಕಿರ್ತೈತಿ, ಬಾಜೂಕ ಬಾಗಾಕೂ ಬರಂಗಿಲ್ಲ. ಮೂರ ಪಾಯಿಂಟಿನ ಬೆಲ್ಟ ಇರ್ಲಿ ಅಂತ ಅಲ್ಲೇ ತೀರ್ಮಾನ ಮಾಡಿದ್ನಿ. ಮ್ಯಾಲ ಅಪ್ಪಾರು ಬ್ಯಾರೆ ಅದಾರ, ಧೋತ್ರ ಉಟ್ಟು ಆ ಎತ್ತರದ ಬಾಜೂ ದಾಟಿ ಇಳ್ಯಾಕಾಗ್ತೈತೇನ್ರಿ. "ನಾ ಕೆಳಗ ಇಳ್ಯಾಕ ಕ್ರೇನ್ ತರ್ಸಬೇಕೇನ್ಲೇ" ಅಂದ್ರು, ಬಕೆಟ್ ಮಾತು ಮುಗೀತು.

ಇಂಗ್ಲೆಂಡಿನ್ಯಾಗ ಎಂಜಿಬಿ ಅನ್ನೋ ಹಳೇ ಓಪನ್ ಸ್ಪೋರ್ಟ್ಸ್ ಕಾರು ಇಟ್ಕೊಂಡವ್ರು ಮಾಜ್ದಾ ಎಂಎಕ್ಸ್-5 ಸೀಟು ಹಾಕ್ತಾರ, ಯಾಕಂದ್ರ ಅದೂ ಸಣ್ಣ ಓಪನ್ ಗಾಡಿ, ಸೀಟು ಸಪೂರ, ತಲಿಗೆ ಆಸರಾನೂ ಐತಿ. ಐಡಿಯಾ ಅದನ್ನ ತಗೊಂಡು ನಮ್ಮ ಗುಜರಿಯೊಳಗ ಹುಡಕಾಕ ಹತ್ತಿದ್ನಿ. ಸ್ಯಾಂಟ್ರೊ ಸೀಟು ಚೊಲೊ ಸಿಕ್ಕಿತ್ತು ಖರೆ, ಆ ಗಾಡಿನ ಎತ್ತರದ್ದು, ಕೂಡೋದೂ ಎತ್ತರ, ಬ್ಯಾಡ. ಹೊಸ ಗಾಡಿ ಸೀಟು ಮುಟ್ಟಾಕೂ ಹೋಗ್ಲಿಲ್ಲ, ಕೆಲವದ್ರಾಗ ಬಾಜೂಕ ಏರ್‌ಬ್ಯಾಗ್ ಇರ್ತಾವ. ಕಡೀಗೆ ಹಳೇ ಹುಬ್ಬಳ್ಳಿ ಕಡೆ ಒಂದು ಮಾರುತಿ ಝೆನ್ ಜೋಡಿ ಸಿಕ್ತು, ಬಟ್ಟಿ ಹರದಿತ್ತು, ಫ್ರೇಮ್ ನೆಟ್ಟಗಿತ್ತು, ನಂಗ ಬೇಕಾಗಿದ್ದೂ ಫ್ರೇಮ. ಎಷ್ಟಕ್ಕ ತಗೊಂಡ್ನಿ ಅಂತ ಬರಿಯಂಗಿಲ್ಲ, ಮನ್ಯಾಗೂ ಇದನ್ನ ಓದ್ತಾರ.

ಬ್ರಾಕೆಟ್ ಕೆಲ್ಸ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ. ಮಿಸ್ತ್ರಿ ಗಾಡಿ ನೋಡಿದವ್ನ ಒಳಗ ವೆಲ್ಡಿಂಗ್ ಹೊಡದುಬಿಡ್ತೀನಿ ಸಾಹೇಬ್ರ ಅಂದ, ಅಯ್ಯ ಬ್ಯಾಡೋ ಮಾರಾಯಾ ಇದು ಫೈಬರ್, ಹತ್ತಿಕೊಂಡ್ರ ಗಾಡಿ ಏನೂ ಉಳಿಯಂಗಿಲ್ಲ ಅಂತ ರಟ್ಟಿನ ಅಳತಿ ತಗದು ಎಲ್ಲಾ ಹೊರಗ ಟೇಬಲ್ ಮ್ಯಾಲ ಮಾಡಿಸಿದ್ನಿ. ಝೆನ್ ಸೀಟಿನ ಎತ್ತರದ ಕಾಲು ಕೊಯ್ಸಿ, ರೈಲು ಪಟ್ಟಿ ಮ್ಯಾಲ ಸೀದಾ ಕುಂಡ್ರೋ ಹಂಗ, ಹಿಂದಿನ ತುದಿ ಒಂದಿಂಚು ತಗ್ಗು. ಕಾಲು ಚಾಚಿ ಕುಂಡ್ರೋ ಗಾಡಿಯೊಳಗ ಕುಶನ್ ಮುಂದ ಎತ್ತಿರ್ಬೇಕು, ಇಲ್ಲಾಂದ್ರ ತೊಡಿಗೆ ಆಸರ ಸಿಗಂಗಿಲ್ಲ, ಬ್ರೇಕ್ ಹೊಡದಾಗ ಮುಂದಕ್ಕ ಜಾರ್ತೇವಿ. ಬೋಲ್ಟ್ 8.8 ಗ್ರೇಡಿನ (ಗಟ್ಟಿ ಸ್ಟೀಲಿನ) ಎಂ10, ಅಂದ್ರ 10 ಎಂಎಂ ದಪ್ಪದ್ದು, ಬರೇ ಫೈಬರಿಗೆ ಹಿಡಿಸಿಲ್ಲ, ಕೆಳಗ ಸ್ಟೀಲ್ ಇರೋ ಜಾಗ ಹುಡಕಿ, ಅಡಿಗೆ 3 ಎಂಎಂ ಪ್ಲೇಟ್ ಕೊಟ್ಟು ಬಿಗದೇವಿ. ಬೆಲ್ಟಿನ ಬಕಲ್ ಸೀಟಿಗಲ್ಲ, ಅದ ಸ್ಟೀಲಿಗೆ ಬ್ಯಾರೆ ಬೋಲ್ಟು. ಬಕಲ್ ಸೀಟಿಗೇ ಹಚ್ಚಿದ್ರ ಡಿಕ್ಕಿಯ ಭಾರ ಎಲ್ಲಾ ನಾವು ಮಾಡಿದ ಬ್ರಾಕೆಟ್ ಮ್ಯಾಲ ಬರ್ತೈತಿ, ಅಷ್ಟು ಧೈರ್ಯ ನಂಗಿಲ್ಲ.

ರೈಲು ಎರಡೂ ಸಮಾನಾಂತರ ಇರ್ಬೇಕು, ಕೂದಲಷ್ಟು ಸೊಟ್ಟಾದ್ರೂ ಸರಿಯಂಗಿಲ್ಲ. ಮಿಸ್ತ್ರಿ ಬೋಲ್ಟ್ ಸಡ್ಲ ಬಿಟ್ಟು ಸೀಟು ಪೂರ್ತಿ ಮುಂದ ಎಳದು ಹಿಂದಿನವು ಬಿಗದ, ಪೂರ್ತಿ ಹಿಂದ ದೂಡಿ ಮುಂದಿನವು ಬಿಗದ, ಬೆಣ್ಣಿ ಹಂಗ ಸರೀತು. ಲಾಕೂ ಎರಡೂ ಕಡೆ ಒಮ್ಮೆಗೇ ಟಕ್ ಅಂತೈತಿ.

ಕುಶನ್ ವರ್ಕ್ಸ್ ಕಾಕಾ ಮೆತ್ತಗ ದಪ್ಪ ಮಾಡ್ತೀನಿ ಅಂತ ಹಟಾ ಹಿಡದಿದ್ರು. ದಪ್ಪ ಆದ್ರ ಮತ್ತ ಎತ್ತರ ಆಗ್ತೈತಿ ಕಾಕಾ ಅಂತ 40 ಡೆನ್ಸಿಟಿ ಫೋಮು, ತೆಳ್ಳಗ, ಅಡಿಗೆ ಹೊಸ ಪಟ್ಟಿ ಬಿಗಸಿದ್ನಿ. ಮ್ಯಾಲ ರೆಕ್ಸಿನ್, ಕರಿ ಬ್ಯಾಡ ಅಂದ್ನಿ, ಏಪ್ರಿಲ್ ಬಿಸಲಾಗ ಓಪನ್ ನಿಲ್ಸಿ ಕುಂತವ್ರಿಗೆ ಗೊತ್ತು. ಕಂದು. ಬಟ್ಟಿ ಸೀಟು ತಂಪ ಖರೆ, ಧಾರವಾಡದ ಮಳಿ ಒಮ್ಮೆ ಹೊಕ್ಕರ ವಾರಗಟ್ಲೆ ನಾರ್ತೈತಿ.

ರವಿವಾರ ಕಲಘಟಗಿ ದಾಟಿ ಯಲ್ಲಾಪುರ ತನಕ ಹೊಡದು ಬಂದ್ನಿ. ಕಣ್ಣು ಗಾಜಿನ ನಡುಕ್ಕ ಬರ್ತೈತಿ, ಸೊಂಟ ಹಿಡೀಲಿಲ್ಲ, ತಿರುವಿನ್ಯಾಗ ಬಾಜೂ ಆಸರ ಬಕೆಟಿನಷ್ಟು ಇಲ್ಲ, ಮೊಣಕಾಲು ಬಾಗ್ಲಕ್ಕ ಒತ್ತಿ ಹಿಡೀಬೇಕಾಗ್ತೈತಿ, ಅದಕ್ಕ ಬಾಗ್ಲಿಗೆ ಒಂದು ಸಣ್ಣ ಪ್ಯಾಡ್ ಹಚ್ಚೋ ವಿಚಾರ ಐತಿ.

ಎಡಗಡೆ ಸೀಟು ಬಾಕಿ. ಮನಿಯಾಕಿ ನನಗಿಂತ ಗಿಡ್ಡ, ಆ ಬ್ರಾಕೆಟ್ ಒಂದಿಂಚು ಎತ್ತರ ಮಾಡಿಸ್ಬೇಕು. ಆ ಕಡೆ ಬೆಲ್ಟು ಸುತ್ತಿಕೊಳ್ಳೋ ರೀಲೂ ಸೊಟ್ಟ ಕುಂತೈತಿ, ರೀಲು ಅದರ ಕೋನಕ್ಕ ಇಲ್ಲಾಂದ್ರ ಒಳಗಿನ ಗುಂಡು ಸರದು ಸುಮ್‌ಸುಮ್ನ ಲಾಕ್ ಆಗ್ತೈತಿ, ಎಳದ್ರೂ ಬರಂಗಿಲ್ಲ. ಅದಕ್ಕ ಕೋನ ಕೊಡೋ ರೆಡಿಮೇಡ್ ಪಟ್ಟಿ ಹುಬ್ಬಳ್ಯಾಗ ಎಲ್ಲಿ ಸಿಗ್ತೈತಿ ಯಾರಿಗರ ಗೊತ್ತಿದ್ರ ಹೇಳ್ರಿ, ಇಲ್ಲಾಂದ್ರ ಮತ್ತ ಗೋಕುಲ ರೋಡಿಗೆ.