68 ಸಾಲುಗಳ ಪಾಠ

ಗ್ರಂಥ ಸಂಪಾದನೆ, ಅಂದರೆ ಹಳೆಯ ಪ್ರತಿಗಳನ್ನು ಹೋಲಿಸಿ ಕವಿ ನಿಜಕ್ಕೂ ಬರೆದದ್ದೇನು ಅಂತ ಹುಡುಕುವ ವಿದ್ಯೆ. ಆ ಪೇಪರ್ ಅಂದರೆ ನಮ್ಮ ಬ್ಯಾಚಿನವರಿಗೆಲ್ಲ ಅಲರ್ಜಿ. ಊಟ ಆದ ಮೇಲಿನ ಪೀರಿಯಡ್ಡು ಬೇರೆ. ಪಾಠಾಂತರ, ಪ್ರಕ್ಷಿಪ್ತ, ಲಿಪಿಕಾರನ ತಪ್ಪು ಅಂತ ಸರ್ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಹಿಂದಿನ ಬೆಂಚುಗಳಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. "ಅಚ್ಚಾಗಿದೆ ಅಂದ ಮಾತ್ರಕ್ಕೆ ಕವಿ ಹಾಗೇ ಬರೆದಿದ್ದ ಅಂತಲ್ಲ ಕಣ್ರಯ್ಯಾ" ಅನ್ನುವುದು ಅವರ ಖಾಯಂ ಮಾತು. ಆ ಪೇಪರೇ ಮುಂದೆ ಜರ್ಮನಿಯ ಮಾರ್ಬುರ್ಗ್‌ನಲ್ಲಿ ನನ್ನ ಕೈ ಹಿಡಿಯಿತು. ಅದನ್ನು ಹೇಳಲಿಕ್ಕೇ ಈ ಬರಹ.

ಬಿ.ಎ. ಮುಗಿಸಿ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತೆ. ಅಲ್ಲಿಂದ ಎಂ.ಎ.ಗೆ ಮಾರ್ಬುರ್ಗ್. ಗುಡ್ಡದ ಮೇಲೆ ಕೋಟೆ, ಕೆಳಗೆ ಲಾನ್ ನದಿ, ಊರ ತುಂಬ ಮೆಟ್ಟಿಲು. ಗ್ರಿಮ್ ಅಣ್ಣತಮ್ಮಂದಿರು ಓದಿದ್ದು ಇಲ್ಲೇ. ನಮಗೆ ಅವರು ಮಕ್ಕಳ ಕಥೆಗಳನ್ನು ಕೂಡಿಸಿದವರು ಅಂತಷ್ಟೇ ಗೊತ್ತು, ಅಲ್ವಾ? ಆ ಕಥೆಗಳ ಮೊದಲ ಭಾಗ ಹೊರಬಂದ 1812ರಲ್ಲೇ ಅವರು ಇನ್ನೊಂದು ಪುಸ್ತಕವನ್ನೂ ತಂದರು. ಅದರಲ್ಲಿ 'ಹಿಲ್ಡೆಬ್ರಾಂಡ್ಸ್‌ಲೀಡ್' ಅನ್ನುವ ಹಳೆಯ ಜರ್ಮನ್ ಹಾಡಿತ್ತು. 1729ರಲ್ಲಿ ಒಬ್ಬರು ಅದನ್ನು ಗದ್ಯ ಅಂದುಕೊಂಡೇ ಅಚ್ಚು ಹಾಕಿಸಿದ್ದರು. ಇದು ಪದ್ಯ, ಪದಗಳ ಮೊದಲ ಸದ್ದು ಕೂಡುತ್ತಾ ಹೋಗುವ ಪದ್ಯ ಅಂತ ತೋರಿಸಿದವರು ಗ್ರಿಮ್‌ಗಳು.

ಸಿಕ್ಕಿರುವುದು 68 ಸಾಲು ಮಾತ್ರ. ಕಥೆ ಇಷ್ಟು. ಎರಡು ಸೈನ್ಯಗಳ ನಡುವೆ ಇಬ್ಬರು ವೀರರು ಎದುರಾಗುತ್ತಾರೆ. ಹಿರಿಯ ಹಿಲ್ಡೆಬ್ರಾಂಡ್, ಕಿರಿಯ ಹಾಡುಬ್ರಾಂಡ್. ನಿನ್ನಪ್ಪ ಯಾರು ಅಂತ ಹಿರಿಯ ಕೇಳುತ್ತಾನೆ. ಹಿಲ್ಡೆಬ್ರಾಂಡ್ ಅಂತಿದ್ದ, ನಾನು ಕೂಸಾಗಿದ್ದಾಗಲೇ ಹೆಂಡತಿ ಮಗುವನ್ನು ಬಿಟ್ಟು ಪೂರ್ವಕ್ಕೆ ಹೋದ, ಈಗ ಸತ್ತಿದ್ದಾನೆ ಅನ್ನುತ್ತಾನೆ ಹುಡುಗ. ಅಪ್ಪನಿಗೆ ಗೊತ್ತಾಯಿತು. ಹೂಣರ ರಾಜ ಕೊಟ್ಟಿದ್ದ ಚಿನ್ನದ ತೋಳಬಳೆಗಳನ್ನು ಬಿಚ್ಚಿ ಕೊಡಹೋಗುತ್ತಾನೆ. ಮಗ ನಂಬುವುದಿಲ್ಲ. ಉಡುಗೊರೆ ತಗೊಳ್ಳುವುದಾದರೆ ಈಟಿಯಿಂದಲೇ, ಮೊನೆಗೆ ಮೊನೆ ಕೊಟ್ಟು; ನೀನೊಬ್ಬ ಮೋಸಗಾರ ಮುದಿ ಹೂಣ ಅನ್ನುತ್ತಾನೆ. ಕಾಳಗ ಶುರುವಾಗುತ್ತದೆ. ಗುರಾಣಿಗಳು ಸೀಳಿ ಸೀಳಿ ಚಿಕ್ಕದಾಗುವ ಹೊತ್ತಿಗೆ ಹಾಡು ನಿಂತುಬಿಡುತ್ತದೆ. ಪುಟ ಮುಗಿದಿದೆ!

ಇದನ್ನು ಕ್ಲಾಸಿನಲ್ಲಿ ಮೊದಲ ಸಲ ಓದಿದಾಗ ನನ್ನ ತಲೆಯಲ್ಲಿ ಚೆಂಡೆ ಬಾರಿಸತೊಡಗಿತು. ಬಬ್ರುವಾಹನ ಕಾಳಗ ನೋಡದವರು ನಮ್ಮ ಕಡೆ ಯಾರಿದ್ದಾರೆ? ಆದರೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಅಪ್ಪನ ಗುರುತು ಹಿಡಿಯುವವನು ಮಗ. ಕಾಣಿಕೆ ಹೊತ್ತು ಬರುವವನೂ ಮಗ. ಅವಮಾನ ಮಾಡಿ ಅಟ್ಟುವವನು ಅರ್ಜುನ. ಸಾಯುವವನೂ ಅರ್ಜುನನೇ. ಆಮೇಲೆ ಮಣಿ ತಂದು ಬದುಕಿಸುತ್ತಾರೆ ಅನ್ನಿ. ಜರ್ಮನ್ ಹಾಡಿನಲ್ಲಿ ಮಣಿಯೂ ಇಲ್ಲ, ಮುಕ್ತಾಯವೂ ಇಲ್ಲ. ಹಿಲ್ಡೆಬ್ರಾಂಡ್ ಮಗನನ್ನು ಕೊಂದ ಅನ್ನುತ್ತದೆ ಮುಂದಿನ ಕಾಲದ ಐಸ್‌ಲ್ಯಾಂಡಿನ ಒಂದು ಪದ್ಯ. ಜರ್ಮನಿಯಲ್ಲೇ ನಂತರ ಹಾಡಿದವರು ಅಪ್ಪ ಮಗನನ್ನು ರಾಜಿ ಮಾಡಿಸಿದರು. ನನಗೆ ಕೊಂದ ಕಥೆಯೇ ನಿಜ ಅನ್ನಿಸುತ್ತದೆ. 68 ಸಾಲಿನಲ್ಲಿ ಎಲ್ಲೂ ರಾಜಿಯ ವಾಸನೆ ಇಲ್ಲ.

ಈಗ ಹಸ್ತಪ್ರತಿಗೆ ಬರೋಣ. ಕಾಸೆಲ್ ಊರಿನ ಗ್ರಂಥಾಲಯದಲ್ಲಿ ಲ್ಯಾಟಿನ್ ಭಾಷೆಯ ಒಂದು ಧಾರ್ಮಿಕ ಪುಸ್ತಕ ಇದೆ, ಚರ್ಮದ ಹಾಳೆಗಳದ್ದು. ಫುಲ್ಡಾ ಮಠದ ಸನ್ಯಾಸಿಗಳು ಅದರ ಮೊದಲ ಹಾಳೆಯ ಮುಂಬದಿಯನ್ನೂ ಕೊನೆಯ ಹಾಳೆಯ ಹಿಂಬದಿಯನ್ನೂ ಖಾಲಿ ಬಿಟ್ಟಿದ್ದರು. ಸುಮಾರು 830ರ ಹೊತ್ತಿಗೆ ಯಾರೋ ಇಬ್ಬರು ಆ ಖಾಲಿ ಜಾಗದಲ್ಲಿ ಈ ಹಾಡನ್ನು ಬರೆದರು. ಚರ್ಮ ದುಬಾರಿ, ಖಾಲಿ ಜಾಗ ಸುಮ್ನೆ ಬಿಡುವುದು ಹೇಗೆ? ಒಳಗೆ ದೇವರ ಮಾತು, ಹೊರಗೆ ಅಪ್ಪ ಮಗನ ಹೊಡೆದಾಟ.

ನಾವು ನೋಡುತ್ತಿದ್ದದ್ದು ಫೋಟೊಗಳನ್ನು. ಒಂದೊಂದು ಅಕ್ಷರ ಅಂಗೈ ಅಗಲ ಆಗುವಷ್ಟು ಜೂಮ್ ಮಾಡಬಹುದಿತ್ತು. ಮೊದಲ ಪುಟ ಪೂರ್ತಿ ಒಬ್ಬನದೇ ಕೈ. ಎರಡನೆಯ ಪುಟದ ತಲೆಯಲ್ಲಿ ಏಳೆಂಟು ಸಾಲು ಇನ್ನೊಬ್ಬ ಬರೆದಿದ್ದಾನೆ. ಆಮೇಲೆ ಮತ್ತೆ ಮೊದಲಿನವನು. ಮಧ್ಯೆ ಯಾಕೆ ಎದ್ದು ಹೋದನೋ! 'ವ' ಸದ್ದಿಗೆ ಇಂಗ್ಲೆಂಡಿನಿಂದ ಬಂದ ಒಂದು ಅಕ್ಷರ ಇದೆ, ನೋಡಲಿಕ್ಕೆ ಥೇಟ್ 'ಪಿ'. ಹೊಸಬರೆಲ್ಲ ಅಲ್ಲಿ ಎಡವುತ್ತಾರೆ. ಫುಲ್ಡಾ ಮಠದ ಹಿಂದೆ ಇಂಗ್ಲೆಂಡಿನಿಂದ ಬಂದ ಪಾದ್ರಿ ಬೋನಿಫೇಸ್ ಇದ್ದ ಅನ್ನುವ ಇತಿಹಾಸ ಆ ಒಂದು ಅಕ್ಷರದಲ್ಲಿ ಕೂತಿದೆ. ಅಲ್ಲಲ್ಲಿ ದೊಡ್ಡ ಕಂದು ಕಲೆಗಳೂ ಇವೆ. 19ನೇ ಶತಮಾನದ ವಿದ್ವಾಂಸರು ಮಾಸಿದ ಅಕ್ಷರ ಎದ್ದು ಕಾಣಲಿ ಅಂತ ರಾಸಾಯನಿಕ ಹಚ್ಚಿದ್ದರು. ಅವರಿಗೆ ಆವತ್ತು ಕಂಡಿರಬೇಕು. ನಮಗೆ ಬರೀ ಕಲೆ.

ಫೋಟೊ ನೋಡುವುದನ್ನೇ ಡಿಜಿಟಲ್ ಅಧ್ಯಯನ ಅಂದುಕೊಂಡು ಹೋಗಿದ್ದೆ. ನಿಜವಾದ ಕೆಲಸ ಆಮೇಲೆ. ನೋಡಿದ್ದನ್ನು ಟಿಇಐ (ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್) ಅನ್ನುವ ಪದ್ಧತಿಯಲ್ಲಿ ಎಕ್ಸ್‌ಎಂಎಲ್ ಫೈಲಿಗೆ, ಅಂದರೆ ಪಠ್ಯದ ಒಂದೊಂದು ಭಾಗಕ್ಕೂ ಗುರುತಿನ ಚೀಟಿ ಅಂಟಿಸಿದ ಫೈಲಿಗೆ, ಹಾಕಬೇಕು. ಇದು 1987ರಿಂದ ಬೆಳೆದುಬಂದ ಪದ್ಧತಿ. ಬರೆಯುವ ಕೈ ಬದಲಾದರೆ 'ಹ್ಯಾಂಡ್‌ಶಿಫ್ಟ್' ಅಂತ ಗುರುತು. ಅಕ್ಷರ ಅನುಮಾನವಾಗಿದ್ದರೆ 'ಅನ್‌ಕ್ಲಿಯರ್'. ಇಲ್ಲದ್ದನ್ನು ನಾವೇ ತುಂಬಿದರೆ 'ಸಪ್ಲೈಡ್'. ಪ್ರತಿಯಲ್ಲಿರುವ ತಪ್ಪು ಒಂದು ಕಡೆ, ನಮ್ಮ ತಿದ್ದುಪಡಿ ಇನ್ನೊಂದು ಕಡೆ, ಎರಡೂ ಉಳಿಯಬೇಕು. ತಿದ್ದಿದವರು ಯಾರು, ಎಷ್ಟು ಧೈರ್ಯದಿಂದ ತಿದ್ದಿದರು ಅನ್ನುವುದನ್ನೂ ಹಾಕಬೇಕು. ಧೈರ್ಯಕ್ಕೆ ಹೈ, ಮೀಡಿಯಂ, ಲೋ ಅಂತ ಮೂರು ದರ್ಜೆ! ಅಚ್ಚಿನ ಪುಸ್ತಕದಲ್ಲಿ ಸಂಪಾದಕರು ಸದ್ದಿಲ್ಲದೆ ತಿದ್ದಿ ಮುಂದೆ ಹೋಗಬಹುದು. ಬಹಳ ಜನ ಹೋಗಿದ್ದಾರೆ. ಇಲ್ಲಿ ಅದು ನಡೆಯುವುದಿಲ್ಲ. ಊಹೆ ಮಾಡಿದರೆ ಹೆಸರು ಹಾಕಿ ಊಹೆ ಮಾಡಬೇಕು. ನನಗೆ ಈ ವಿದ್ಯೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಕಂಪ್ಯೂಟರಿನ ವೇಗ ಅಲ್ಲ. ವೇಗ ಎಲ್ಲಿಂದ ಬಂತು, ಒಂದು ಪುಟಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು.

ಈ ಹಾಡಿಗೆ ಇರುವುದು ಒಂದೇ ಪ್ರತಿ. ನಮ್ಮ ಸರ್ ಹೇಳಿಕೊಟ್ಟ ಹಾಗೆ ನಾಲ್ಕು ಪ್ರತಿ ಮುಂದಿಟ್ಟುಕೊಂಡು, ಯಾರ ತಪ್ಪು ಯಾರಿಗೆ ಹರಿದುಬಂತು ಅಂತ ವಂಶವೃಕ್ಷ ಬರೆಯುವ ಹಾಗಿಲ್ಲ. ಹಾಗಾಗಿ ಜಗಳ ಜಾಸ್ತಿ. 46ನೇ ಸಾಲಿನ ಹತ್ತಿರ 'ಹಿಲ್ಡೆಬ್ರಾಂಡ್ ನುಡಿದ' ಅಂತ ಪ್ರತಿಯಲ್ಲಿ ಸ್ಪಷ್ಟವಾಗಿದೆ. ನುಡಿದದ್ದು ಹೀಗೆ: ನಿನ್ನ ಕವಚ ನೋಡಿದರೇ ಗೊತ್ತಾಗುತ್ತದೆ, ಮನೆಯಲ್ಲಿ ನಿನಗೊಬ್ಬ ಒಳ್ಳೆಯ ಒಡೆಯನಿದ್ದಾನೆ, ನೀನು ದೇಶ ಬಿಟ್ಟು ಅಲೆದವನಲ್ಲ. ಹಲವು ಸಂಪಾದಕರು ಇದನ್ನು ಅಪ್ಪನ ಬಾಯಿಂದ ಕಿತ್ತು ಮಗನ ಬಾಯಿಗೆ ಹಾಕಿದ್ದಾರೆ. ಚಿನ್ನದ ಬಳೆ ತೊಟ್ಟ ಮುದುಕನನ್ನು ಮಗ ಹೀಗೆ ಹಂಗಿಸುವುದು ಚೆನ್ನಾಗಿ ಹೊಂದುತ್ತದೆ ಅನ್ನುವುದು ಅವರ ವಾದ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಟಲಿಯ ಗೆಳತಿಯದೂ ಅದೇ ಪಕ್ಷ. ನಾನು ಒಪ್ಪಲಿಲ್ಲ. ಮೂವತ್ತು ವರ್ಷ ದೇಶ ಬಿಟ್ಟು ಅಲೆದವನು ಮಗನ ಹೊಳೆಯುವ ಕವಚ ನೋಡಿದರೆ ಇನ್ನೇನು ಹೇಳುತ್ತಾನೆ? ನೀನಾದರೂ ಅಲೆಯಲಿಲ್ಲವಲ್ಲ ಅಂತಲೇ ತಾನೇ? ಕಾಫಿ ಮೆಷಿನ್ ಮುಂದೆ ಶುರುವಾದ ಈ ವಾದ ಬಸ್‌ಸ್ಟಾಪಿನವರೆಗೂ ನಡೆಯಿತು. ನಮ್ಮ ಮೇಡಂ ತೀರ್ಪು ಕೊಡಲಿಲ್ಲ. "ಇಬ್ಬರೂ ಹಾಕಿ, ಹೆಸರು ಹಾಕಿ" ಅಂದರು. ಫೈಲಿನಲ್ಲಿ ಎರಡೂ ಇವೆ. ನನ್ನದು ಮೀಡಿಯಂ, ಅವಳದು ಹೈ. ಅವಳ ಧೈರ್ಯವೇ ಹಾಗೆ.

ಎರಡನೇ ಮಹಾಯುದ್ಧದಲ್ಲಿ ಈ ಹಸ್ತಪ್ರತಿಗೆ ಆದದ್ದನ್ನೂ ಹೇಳಬೇಕು. 1941ರ ಬಾಂಬ್ ದಾಳಿಯಲ್ಲಿ ಕಾಸೆಲ್ ಗ್ರಂಥಾಲಯದ ಲಕ್ಷಗಟ್ಟಲೆ ಪುಸ್ತಕ ಸುಟ್ಟುಹೋದವು. ಇದು ಉಳಿಯಿತು. ಬಚ್ಚಿಡಲು ಬಾಡ್ ವಿಲ್ಡುಂಗೆನ್ ಊರಿನ ಬಂಕರಿಗೆ ಸಾಗಿಸಿದರು. 1945ರಲ್ಲಿ ಅಲ್ಲಿಂದ ಕಳುವಾಗಿ ಅಮೆರಿಕ ಸೇರಿತು. 1955ರಲ್ಲಿ ಪುಸ್ತಕ ವಾಪಸ್ ಬಂದಾಗ ಮೊದಲ ಹಾಳೆಯೇ ಇಲ್ಲ! ಅಂದರೆ ಹಾಡಿನ ಮೊದಲರ್ಧ ಇಲ್ಲ. ಅದು ಫಿಲಡೆಲ್ಫಿಯಾದಲ್ಲಿ ಸಿಕ್ಕು ಮನೆ ಸೇರಿದ್ದು 1972ರಲ್ಲಿ. ಅಷ್ಟು ವರ್ಷ ವಿದ್ವಾಂಸರನ್ನು ಕಾಪಾಡಿದ್ದು ಹಳೆಯ ನಕಲು ಚಿತ್ರಗಳು. ಅಂಥದ್ದೊಂದನ್ನು ವಿಲ್ಹೆಲ್ಮ್ ಗ್ರಿಮ್ 1830ರಲ್ಲೇ ಅಚ್ಚು ಹಾಕಿಸಿದ್ದ. 'ಸ್ಕ್ಯಾನ್ ಮಾಡಿ ಏನು ಉಪಯೋಗ' ಅಂತ ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ.

ಈಗಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಕಾಸೆಲ್ ಗ್ರಂಥಾಲಯದ ಈ ಪುಟಗಳನ್ನು ನಿಮ್ಮ ಮೊಬೈಲಿನಲ್ಲೇ ನೋಡಬಹುದು. ವೀಸಾ ಬೇಡ, ಫೀಸೂ ಇಲ್ಲ. ಟಿಇಐ ನಿಯಮಗಳೂ ಉಚಿತವಾಗಿ ಸಿಗುತ್ತವೆ, ಕನ್ನಡ ಲಿಪಿಗೂ ಒಗ್ಗುತ್ತವೆ. ಜೈಮಿನಿ ಭಾರತದ ಓಲೆಗರಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಿ ಪ್ರತಿಗಳಿಗೆ ಬರವಿಲ್ಲ. ಬಬ್ರುವಾಹನನ ಒಂದೇ ಒಂದು ಸಂಧಿ ತಗೊಂಡು ಯಾರಾದರೂ ಶುರುಮಾಡುವುದಾದರೆ ಕಾಲೇಜಿನ ಕನ್ನಡ ವಿಭಾಗದ ಮೂಲಕ ನನಗೊಂದು ಮಾತು ತಿಳಿಸಿ. ರಜೆಗೆ ಬಂದಾಗ ಕೂತು ಮೊದಲ ಹತ್ತು ಪದ್ಯ ಒಟ್ಟಿಗೆ ಮಾಡೋಣ. ಊಟದ ನಂತರದ ಪೀರಿಯಡ್ಡಿನಲ್ಲಿ ಮಾತ್ರ ಬೇಡ.